ಹಳೆ ಆಧಾರದ ಷರತ್ತು ಇವತ್ತು ನಿಮ್ಮ ಜಾಗಕ್ಕೆ ತಾಗುತ್ತದಾ?

ಕಾಸರಗೋಡಿನಲ್ಲಿ ಈಗ ಎಲ್ಲಿ ಹೋದರೂ ಜಾಗದ ಮಾತೇ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗಿದೆ. 2022ರ ನವೆಂಬರ್‌ನಲ್ಲಿ ಕೇರಳದಲ್ಲಿ ಶುರುವಾದ ಡಿಜಿಟಲ್ ರೀಸರ್ವೆ ಒಂದೊಂದೇ ಗ್ರಾಮಕ್ಕೆ ಬರುತ್ತಿದೆ. ಜಾಗದ ದಾಖಲೆಗಳನ್ನೆಲ್ಲ ಒಂದೇ ಕಡೆ ತರುವ ‘ಎಂಟೆ ಭೂಮಿ’ ಪೋರ್ಟಲ್ 2024ರಲ್ಲಿ ಮೊದಲು ಜಾರಿಯಾದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ. ಸರ್ವೆಯವರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಮನೆಮನೆಯಲ್ಲಿ ಕಪಾಟಿನ ಹಳೆ ಆಧಾರ, ಅಂದರೆ ಜಾಗದ ಪತ್ರ, ಹೊರಗೆ ಬರುತ್ತದೆ. ಆಗ ಕಣ್ಣಿಗೆ ಬೀಳುತ್ತದೆ, ಯಾವತ್ತೂ ಓದಿರದ ಒಂದು ಸಾಲು. ಈ ಬದಿಯಲ್ಲಿ ಕಟ್ಟೋಣ ಕಟ್ಟಬಾರದು. ಬಾವಿಯ ನೀರಿಗೆ ಅಡ್ಡಿ ಮಾಡಬಾರದು. ಕುಟುಂಬದ ಹೊರಗಿನವರಿಗೆ ಮಾರಬಾರದು.

ಆ ಸಾಲು ಬರೆಸಿದವರು ಈಗ ಇಲ್ಲ. ಜಾಗ ಮೂರು ಕೈ ದಾಟಿ ನಿಮ್ಮ ಹತ್ತಿರ ಬಂದಿದೆ. ಹಾಗಾದರೆ ಅದು ನಿಮಗೆ ಅನ್ವಯ ಆಗುತ್ತದಾ? ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ. ಯಾವುದು ಯಾಕೆ ಎಂದು ಗೊತ್ತಿದ್ದರೆ ನೆರೆಕರೆಯವರ ಜೊತೆ ಜಗಳವೂ ತಪ್ಪುತ್ತದೆ, ಮನೆ ಕಟ್ಟಿದ ಮೇಲೆ ಗೋಡೆ ಒಡೆಯುವ ಕಷ್ಟವೂ ತಪ್ಪುತ್ತದೆ.

ಆಧಾರದಲ್ಲಿ ಏನೇನಿರುತ್ತದೆ

ನಮ್ಮ ಕಡೆ ಆಧಾರ ಅಂದರೆ ಗುರುತಿನ ಕಾರ್ಡು ಅಲ್ಲ, ಜಾಗದ ರಿಜಿಸ್ಟರ್ ಆದ ಪತ್ರ. ಹಣ ಕೊಟ್ಟು ಕೊಂಡರೆ ಕ್ರಯಪತ್ರ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಪಾಲುಪಟ್ಟಿ, ಅಪ್ಪ ಅಮ್ಮ ಮಕ್ಕಳಿಗೆ ಬರೆದುಕೊಟ್ಟರೆ ದಾನಪತ್ರ ಅಥವಾ ಸೆಟ್ಲ್‌ಮೆಂಟ್. ನಿಮ್ಮ ಆಧಾರಕ್ಕಿಂತ ಹಿಂದಿನದ್ದು ಮುನ್ನಾಧಾರ. ಅದಕ್ಕೂ ಹಿಂದೆ ಇನ್ನೊಂದು. ಹೀಗೆ ಸರಪಳಿ ಹೋಗುತ್ತದೆ.

ಒಂದು ಆಧಾರದಲ್ಲಿ ಮೊದಲು ಯಾರು ಯಾರಿಗೆ ಕೊಟ್ಟರು ಅಂತ ಬರುತ್ತದೆ. ಆಮೇಲೆ ಕೊಡುವವರಿಗೆ ಆ ಜಾಗ ಹೇಗೆ ಬಂತು ಎಂಬ ಕತೆ, ಕೊಟ್ಟ ಹಣ, ಕೊನೆಗೆ ಷೆಡ್ಯೂಲ್. ಷೆಡ್ಯೂಲಿನಲ್ಲಿ ಸರ್ವೆ ನಂಬ್ರ, ವಿಸ್ತೀರ್ಣ, ಮೂಡು ಪಡು ತೆಂಕು ಬಡಗು ಗಡಿಗಳು ಇರುತ್ತವೆ. ಹೆಚ್ಚಿನವರು ಹೆಸರು ಮತ್ತು ಸೆಂಟ್ಸ್ ಸರಿ ಇದೆಯಾ ಅಂತ ನೋಡಿ ಮಡಚಿ ಇಡುತ್ತಾರೆ. ಷರತ್ತುಗಳು ಮಾತ್ರ ಹಣದ ಮಾತಿಗೂ ಷೆಡ್ಯೂಲಿಗೂ ನಡುವೆ ಎಲ್ಲೋ ಇರುತ್ತವೆ, ಇಲ್ಲವಾದರೆ ಷೆಡ್ಯೂಲಿನ ಕೊನೆಯಲ್ಲಿ. ಸಾಮಾನ್ಯವಾಗಿ ಹೀಗಿರುತ್ತವೆ:

‘ಸದ್ರಿ ಸ್ಥಳದ ಪಡು ಬದಿಯಲ್ಲಿ ತೆಂಕಿನಿಂದ ಬಡಗಿಗೆ 3 ಮೀಟರ್ ಅಗಲದ ಜಾಗವನ್ನು ಹಿಂಬದಿಯ ಸ್ಥಳದವರ ದಾರಿಗಾಗಿ ಬಿಟ್ಟು, ಅದರಲ್ಲಿ ಯಾವುದೇ ಕಟ್ಟೋಣ ಕಟ್ಟದೆ, ಗೇಟು ಬೇಲಿ ಹಾಕದೆ, ನೀವೂ ನಿಮ್ಮ ಹಕ್ಕುದಾರರೂ ಅನುಭವಿಸಿ ಬರತಕ್ಕದ್ದು.’

ಇದರಲ್ಲಿ ‘ನೀವೂ ನಿಮ್ಮ ಹಕ್ಕುದಾರರೂ’ ಎಂಬಲ್ಲಿ ಬೆರಳಿಟ್ಟು ನೋಡಿ. ಇವತ್ತು ಕೊಂಡವರನ್ನು ಮಾತ್ರ ಅಲ್ಲ, ಮುಂದೆ ಬರುವವರನ್ನೂ ಕಟ್ಟಬೇಕು ಅನ್ನುವ ಉದ್ದೇಶ ಅದರಲ್ಲಿದೆ. ಜಾಗವನ್ನು ಹೀಗೆ ಮಾಡಬಾರದು, ಹೀಗೆ ಬಳಸಬಾರದು ಅಂತ ಕಟ್ಟುಹಾಕುವ ಇಂಥ ಮಾತಿಗೆ ನಿರ್ಬಂಧದ ಷರತ್ತು ಎನ್ನುತ್ತಾರೆ.

ಜಾಗಕ್ಕೆ ಅಂಟಿದ್ದು, ಜನಕ್ಕೆ ಅಂಟಿದ್ದು

ಹಾಲು ಕೊಡುವ ದನ ಕೊಂಡರೆ ಕರುವೂ ಜೊತೆಗೆ ಬರುತ್ತದೆ. ಆದರೆ ಹಳೆ ಯಜಮಾನರು ಹಿಂಡಿ ಅಂಗಡಿಯಲ್ಲಿ ಇಟ್ಟ ಬಾಕಿ ನಿಮ್ಮ ತಲೆಗೆ ಬರುವುದಿಲ್ಲ. ಅದು ಅವರದ್ದು. ಷರತ್ತುಗಳಲ್ಲೂ ಈ ಎರಡು ಜಾತಿ ಇದೆ. ಜಾಗದ ಜೊತೆಗೇ ಹೋಗುವುದು ಒಂದು, ಮಾತು ಕೊಟ್ಟ ವ್ಯಕ್ತಿಯ ಹತ್ತಿರವೇ ಉಳಿಯುವುದು ಇನ್ನೊಂದು.

‘ಈ ದಾರಿಯಲ್ಲಿ ಕಟ್ಟೋಣ ಕಟ್ಟುವುದಿಲ್ಲ’ ಎಂಬುದು ಮೊದಲನೆಯ ಜಾತಿ. ಅದರಿಂದ ಹಿಂಬದಿಯ ಜಾಗಕ್ಕೆ ಉಪಕಾರ ಇದೆ. ಆ ಜಾಗ ಯಾರ ಹೆಸರಿಗೆ ಹೋದರೂ ಅದಕ್ಕೆ ದಾರಿ ಬೇಕೇ ಬೇಕು. ‘ಪ್ರತಿ ವರ್ಷ ನಿಮ್ಮ ಬೇಲಿ ನಾನೇ ಕಟ್ಟಿಸಿಕೊಡುತ್ತೇನೆ’ ಎಂದು ಬರೆದರೆ ಅದು ಸಾಮಾನ್ಯವಾಗಿ ಎರಡನೆಯ ಜಾತಿ. ಕೈಯಿಂದ ಖರ್ಚು ಮಾಡಿ ಏನೋ ಮಾಡಿಕೊಡಬೇಕು ಎಂಬ ಮಾತು ಬರೆದುಕೊಟ್ಟವರನ್ನು ಕಟ್ಟುತ್ತದೆ. ಅವರಿಂದ ಜಾಗ ಕೊಂಡವರನ್ನು ಸಾಮಾನ್ಯವಾಗಿ ಕಟ್ಟುವುದಿಲ್ಲ.

ಲಂಡನ್ನಿನ ಒಂದು ಉದ್ಯಾನದ ಕೇಸು

ಈ ವಿಚಾರ ಕಾನೂನಿಗೆ ಬಂದ ದಾರಿ ತಿಳಿದರೆ ಉಳಿದದ್ದು ಸುಲಭ. 1808ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನ ನಡುವೆ ಇದ್ದ ಉದ್ಯಾನವನ್ನು ಟಲ್ಕ್ ಎಂಬವರು ಮಾರಿದರು. ಸುತ್ತ ಅವರ ಮನೆಗಳು ಇದ್ದವು. ಹಾಗಾಗಿ ಅದನ್ನು ಉದ್ಯಾನವಾಗಿಯೇ ಉಳಿಸಬೇಕು, ಕಟ್ಟಡ ಕಟ್ಟಬಾರದು ಅಂತ ಪತ್ರದಲ್ಲಿ ಬರೆಸಿದರು. ಜಾಗ ಕೈ ಬದಲಾಗುತ್ತಾ ಮಾಕ್ಸ್‌ಹೇ ಎಂಬವರಿಗೆ ಬಂತು. ಅವರ ಪತ್ರದಲ್ಲಿ ಷರತ್ತು ಇರಲಿಲ್ಲ, ಆದರೆ ಹಳೆ ಷರತ್ತು ಇದೆ ಅಂತ ಅವರಿಗೆ ಗೊತ್ತಿತ್ತು. ನಾನೇನೂ ಮಾತು ಕೊಟ್ಟಿಲ್ಲ, ಕಟ್ಟುತ್ತೇನೆ ಎಂದರು.

1848ರಲ್ಲಿ ತೀರ್ಪು ಬಂತು. ಕಟ್ಟುವ ಹಾಗಿಲ್ಲ. ಕಾರಣ ನೇರವಾಗಿದೆ. ಷರತ್ತು ಇರುವ ಜಾಗಕ್ಕೆ ಬೆಲೆ ಕಡಿಮೆ. ಷರತ್ತಿನ ಜೊತೆ ಕಡಿಮೆಗೆ ಕೊಂಡು, ಮರುದಿನ ಷರತ್ತಿಲ್ಲದ ಜಾಗದ ಹಾಗೆ ಜಾಸ್ತಿಗೆ ಮಾರಿದರೆ ಮೊದಲು ಮಾರಿದವರಿಗೆ ಮೋಸ ಆಗುತ್ತದೆ. ಗೊತ್ತಿದ್ದೂ ಕೊಂಡವರು ಆ ಮಾತಿಗೆ ಬದ್ಧರು. ಈ ತತ್ವವೇ ನಮ್ಮ 1882ರ ಆಸ್ತಿ ವರ್ಗಾವಣೆ ಕಾಯಿದೆಯ 40ನೇ ಸೆಕ್ಷನ್ನಿನಲ್ಲಿದೆ.

ನಮ್ಮ ಕಾಯಿದೆಯ ನಾಲ್ಕು ಸೆಕ್ಷನ್

40ನೇ ಸೆಕ್ಷನ್ ಹೇಳುವುದು ಇಷ್ಟು. ಪಕ್ಕದ ಜಾಗದ ಒಳ್ಳೆಯದಕ್ಕಾಗಿ ನಿಮ್ಮ ಜಾಗದ ಮೇಲೆ ಒಂದು ನಿರ್ಬಂಧ ಇದ್ದರೆ, ಅದು ಗೊತ್ತಿದ್ದು ಕೊಂಡವರಿಗೂ ತಾಗುತ್ತದೆ, ಹಣ ಕೊಡದೆ ದಾನವಾಗಿ ಪಡೆದವರಿಗೂ ತಾಗುತ್ತದೆ. ಗೊತ್ತಿಲ್ಲದೆ ಹಣ ಕೊಟ್ಟು ಕೊಂಡವರಿಗೆ ತಾಗುವುದಿಲ್ಲ.

ಇದನ್ನು ಓದಿ ‘ನನಗೆ ಗೊತ್ತೇ ಇರಲಿಲ್ಲ’ ಎಂದು ಹೇಳಿದರೆ ಸಾಕಲ್ವಾ ಅಂತ ಅನಿಸಬಹುದು. ಸಾಲದು. ಅದೇ ಕಾಯಿದೆಯ 3ನೇ ಸೆಕ್ಷನ್ ಪ್ರಕಾರ, ರಿಜಿಸ್ಟರ್ ಆಗಲೇಬೇಕಾದ ಪತ್ರ ಸರಿಯಾಗಿ ರಿಜಿಸ್ಟರ್ ಆಗಿದ್ದರೆ ಅದರಲ್ಲಿರುವುದು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಲೆಕ್ಕ. ನೀವು ಮುನ್ನಾಧಾರ ಓದಿದ್ದೀರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಬೇರೆಯವರು ಆ ಜಾಗದಲ್ಲಿ ಎದುರಿಗೇ ವಾಸವಿದ್ದರೆ ಅವರ ಹಕ್ಕಿನ ಬಗ್ಗೆಯೂ ನೀವು ವಿಚಾರಿಸಬೇಕಿತ್ತು ಎನ್ನುತ್ತದೆ ಕಾನೂನು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಮನೆಯವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ್ದು ಇದನ್ನೇ.

10ನೇ ಸೆಕ್ಷನ್ ಬೇರೆ ದಿಕ್ಕಿನದ್ದು. ಜಾಗ ಪೂರ್ತಿ ಕೊಟ್ಟುಬಿಟ್ಟು ‘ಇದನ್ನು ಯಾವತ್ತೂ ಯಾರಿಗೂ ಮಾರಬಾರದು’ ಅಂತ ಬರೆದರೆ ಆ ಷರತ್ತಿಗೆ ಬೆಲೆ ಇಲ್ಲ. ಆಧಾರ ನಿಲ್ಲುತ್ತದೆ, ಷರತ್ತು ಬೀಳುತ್ತದೆ. ಪೂರ್ತಿ ತಡೆಯದೆ ಸ್ವಲ್ಪ ಮಟ್ಟಿಗೆ ಮಾತ್ರ ಕಟ್ಟು ಹಾಕಿದರೆ ಅದು ನಿಲ್ಲಬಹುದು. ನಮ್ಮ ಪಾಲುಪಟ್ಟಿಗಳಲ್ಲಿ ತುಂಬಾ ಕಾಣುವ ಒಂದು ಮಾತು ಇದೆ: ‘ಮಾರುವುದಾದರೆ ಮೊದಲು ಉಳಿದ ಪಾಲುದಾರರನ್ನು ಕೇಳಬೇಕು.’ ಇದು ತಡೆ ಅಲ್ಲ, ಮೊದಲ ಅವಕಾಶ. ಅಣ್ಣತಮ್ಮಂದಿರ ಪಾಲಿನಲ್ಲಿ ಬರೆದ ಇಂಥದ್ದೇ ಮಾತು 1967ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಕೋರ್ಟು ಅದು ಊರ್ಜಿತ ಎಂದಿತು. ಮುಂದೆ ಆ ಜಾಗ ಪಡೆದವರನ್ನೂ ಅದು ಕಟ್ಟುತ್ತದೆ ಎಂದಿತು.

11ನೇ ಸೆಕ್ಷನ್ ಬಳಕೆಯ ಬಗ್ಗೆ. ಜಾಗ ಮಾರಿದ ಮೇಲೆ ‘ಇದರಲ್ಲಿ ಅಡಿಕೆ ಮಾತ್ರ ಹಾಕಬೇಕು, ತೆಂಗು ಹಾಕಬಾರದು’ ಎಂದು ಸುಮ್ನೆ ಬರೆದರೆ ಕೊಂಡವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಮಾರಿದವರ ಹತ್ತಿರ ಪಕ್ಕದಲ್ಲಿ ಇನ್ನೊಂದು ಜಾಗ ಇದ್ದು, ಅದರ ಗಾಳಿ, ಬೆಳಕು, ದಾರಿ, ನೀರಿಗಾಗಿ ಷರತ್ತು ಹಾಕಿದರೆ ಅದು ನಡೆಯುತ್ತದೆ. ಹಾಗಾಗಿ ಯಾವುದೇ ಷರತ್ತು ಕಂಡರೆ ಮೊದಲು ಕೇಳಬೇಕಾದ್ದು, ಇದರಿಂದ ಯಾವ ಜಾಗಕ್ಕೆ ಉಪಕಾರ? ಉತ್ತರ ಇಲ್ಲದಿದ್ದರೆ ಷರತ್ತು ಸಾಮಾನ್ಯವಾಗಿ ಟೊಳ್ಳು.

ದಾರಿಯ ಷರತ್ತು

ನಮ್ಮ ಊರುಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಗುಡ್ಡೆಯ ಮನೆಗಳು, ಒಂದರ ಹಿಂದೆ ಒಂದು. ರಸ್ತೆ ಕೆಳಗೆ. ಒಂದೇ ಕುಟುಂಬ ಇದ್ದಾಗ ಅಂಗಳದ ಮೂಲಕ ನಡೆದುಕೊಂಡು ಹೋಗುತ್ತಿದ್ದರು, ಪಾಲಾದ ಮೇಲೆ ಅದೇ ಅಂಗಳ ಇನ್ನೊಬ್ಬರದ್ದಾಗುತ್ತದೆ.

ಇನ್ನೊಬ್ಬರ ಜಾಗದ ಮೂಲಕ ಹೋಗುವ ಹಕ್ಕು ಮೂರು ರೀತಿಯಲ್ಲಿ ಬರುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯಿದೆಯಲ್ಲಿ ಇದರ ವಿವರ ಇದೆ. ಆಧಾರದಲ್ಲೇ ಬರೆದುಕೊಟ್ಟ ದಾರಿ ಒಂದು. ಒಂದೇ ಜಾಗ ತುಂಡಾದಾಗ ಹಿಂದಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಬರೆಯದಿದ್ದರೂ ಅನಿವಾರ್ಯವಾಗಿ ಸಿಗುವ ದಾರಿ ಇನ್ನೊಂದು. ಯಾರ ಅನುಮತಿಯನ್ನೂ ಕೇಳದೆ, ತನ್ನ ಹಕ್ಕು ಎಂಬಂತೆ, ಎಲ್ಲರ ಕಣ್ಣೆದುರೇ, ತಡೆಯಿಲ್ಲದೆ 20 ವರ್ಷ ನಡೆದು ಬಂದ ದಾರಿ ಮೂರನೆಯದು. ಸರ್ಕಾರಿ ಜಾಗವಾದರೆ 30 ವರ್ಷ. ಈ ಮೂರನೆಯದರಲ್ಲಿ ಒಂದು ಎಚ್ಚರಿಕೆ ಬೇಕು. ಬೇಲಿ ಹಾಕಿ ದಾರಿ ಮುಚ್ಚಿದ ಮೇಲೆ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು, ‘ಮಾತಾಡಿ ಸರಿ ಮಾಡುವ’ ಅಂತ ವರ್ಷಗಟ್ಟಲೆ ಕಾದರೆ 20 ವರ್ಷದ ಲೆಕ್ಕ ಕೈ ತಪ್ಪುತ್ತದೆ. ಇನ್ನೊಂದು, ‘ನಡೆದುಕೊಂಡು ಹೋಗಿ, ಅಡ್ಡಿಯಿಲ್ಲ’ ಅಂತ ಜಾಗದವರು ಪ್ರೀತಿಯಿಂದ ಬಿಟ್ಟದ್ದಾದರೆ ಅದು ಅನುಮತಿ. ಎಷ್ಟು ವರ್ಷ ಹೋದರೂ ಅದು ಹಕ್ಕಾಗುವುದಿಲ್ಲ.

ಈಗ ಒಂದು ಸಂದರ್ಭ ಇಟ್ಟುಕೊಳ್ಳಿ. ಹಿಂದಿನ ಮನೆಯವರಿಗೆ ನಿಮ್ಮ ಜಾಗದ ಮೂಲಕ ದಾರಿ ಇತ್ತು. ಈಗ ಅವರ ಮನೆಯ ಹಿಂಬದಿಗೆ ಪಂಚಾಯತ್ ರಸ್ತೆ ಬಂತು. ನಿಮ್ಮ ದಾರಿ ಮುಚ್ಚಬಹುದಾ? ಆ ದಾರಿ ಬರೀ ಅನಿವಾರ್ಯದಿಂದ ಬಂದದ್ದಾದರೆ ಅನಿವಾರ್ಯ ಮುಗಿದಾಗ ಹಕ್ಕೂ ಮುಗಿಯುತ್ತದೆ. ಆದರೆ ಅದು ಆಧಾರದಲ್ಲಿ ಬರೆದುಕೊಟ್ಟ ದಾರಿಯಾದರೆ ಹಿಂದೆ ಹತ್ತು ರಸ್ತೆ ಬಂದರೂ ಮುಚ್ಚುವ ಹಾಗಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಎರಡು ಮನೆಗಳಲ್ಲಿ ಕಣ್ಣಿಗೆ ಒಂದೇ ಥರ ಕಾಣುವ ದಾರಿ, ಆದರೆ ಒಂದನ್ನು ಮುಚ್ಚಬಹುದು, ಇನ್ನೊಂದನ್ನು ಮುಚ್ಚುವಂತಿಲ್ಲ. ವ್ಯತ್ಯಾಸ ಇರುವುದು ಆಧಾರದ ಒಂದು ಸಾಲಿನಲ್ಲಿ.

ಎಂಥ ದಾರಿ ಎಂಬುದೂ ಮುಖ್ಯ. ಹಳೆ ಆಧಾರಗಳಲ್ಲಿ ‘ನಡೆದು ಹೋಗಲು’, ‘ಕಾಲ್ದಾರಿ’ ಎಂದೇ ಇರುತ್ತದೆ. ಆಗ ವಾಹನ ಎಲ್ಲಿತ್ತು? ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದ್ದು ಸೇರುವುದಿಲ್ಲ ಎಂದು ಕಾಯಿದೆಯ 28ನೇ ಸೆಕ್ಷನ್ ಹೇಳುತ್ತದೆ. ಕಾಲ್ದಾರಿಯ ಹಕ್ಕಿನಿಂದ ಜೀಪು ಹೋಗುವ ಹಕ್ಕು ಬರುವುದಿಲ್ಲ. ಮನೆ ಕಟ್ಟಲು ಲಾರಿಯಲ್ಲಿ ಮುರಕಲ್ಲು ತರಬೇಕಾದ ದಿನ ಈ ಸಂಗತಿ ಗೊತ್ತಾದರೆ ತುಂಬಾ ಕಷ್ಟ. ಹೊಸ ಆಧಾರ ಬರೆಸುವವರು ಅಗಲ ಎಷ್ಟು ಮೀಟರ್, ಯಾವ ಬದಿ, ಎಲ್ಲಿಂದ ಎಲ್ಲಿಗೆ, ವಾಹನ ಹೋಗಬಹುದಾ, ನೀರಿನ ಪೈಪು ಮತ್ತು ಕರೆಂಟಿನ ಕಂಬಕ್ಕೂ ಅವಕಾಶ ಇದೆಯಾ, ಎಲ್ಲವನ್ನೂ ಬಿಡಿಸಿ ಬರೆಸಿ. ‘ಮಾಮೂಲು ದಾರಿ ನೀರಿನ ಹಕ್ಕು ಸಹಿತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಮಾಮೂಲು ಅಂದರೆ ಯಾವುದು ಅಂತ ಮುಂದೆ ಸಾಕ್ಷಿ ಹುಡುಕಬೇಕಾಗುತ್ತದೆ.

ಹೆದ್ದಾರಿ ಬದಿಯವರಿಗೆ ಒಂದು ಮಾತು. ರಾಷ್ಟ್ರೀಯ ಹೆದ್ದಾರಿಗೆ ಹೋದ ಜಾಗ 1956ರ ಕಾಯಿದೆಯ ಪ್ರಕಾರ ಎಲ್ಲ ಹೊರೆಗಳಿಂದ ಮುಕ್ತವಾಗಿ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ಅಲ್ಲಿ ನಿಮಗಿದ್ದ ದಾರಿಯ ಹಕ್ಕು ಆ ತುಂಡಿನ ಮಟ್ಟಿಗೆ ಮುಗಿಯಿತು. ದಾರಿಯ ಹಕ್ಕನ್ನು ಕಳೆದುಕೊಂಡವರಿಗೂ ಪರಿಹಾರ ಕೊಡಲು ಅದೇ ಕಾಯಿದೆಯಲ್ಲಿ ಅವಕಾಶ ಇದೆ.

ಸುರಂಗ, ಕಟ್ಟದ ನೀರು, ನಾಗಬನ

ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಇವೆ. ಬಾಯಿ ಒಬ್ಬರ ತೋಟದಲ್ಲಿ, ಒಳಗೆ ಹೋಗುತ್ತಾ ಹೋಗುತ್ತಾ ಮೇಲಿನ ನೆಲ ಇನ್ನೊಬ್ಬರದ್ದು. ನೀರು ಬಂದು ಬೀಳುವ ಕೆರೆ ಮೂರನೆಯವರ ಪಾಲಿಗೆ ಹೋಗಿರಲೂಬಹುದು. ಪಾಲುಪಟ್ಟಿಯಲ್ಲಿ ‘ಸುರಂಗದ ನೀರು ದಿನ ಬಿಟ್ಟು ದಿನ’, ‘ಸುರಂಗಕ್ಕೆ ಹಾನಿಯಾಗುವ ಹಾಗೆ ಮೇಲೆ ಅಗೆಯಬಾರದು’ ಎಂದಿದ್ದರೆ ಅದು ಬರೀ ಒಳ್ಳೆಯ ಮಾತಲ್ಲ. ಒಂದು ಜಾಗದ ಉಪಕಾರಕ್ಕಾಗಿ ಇನ್ನೊಂದು ಜಾಗದ ಮೇಲೆ ಬಿದ್ದ ಕಟ್ಟು ಅದು. ಮೇಲಿನ ಜಾಗ ಕೊಂಡು ಮಣ್ಣು ತೆಗೆಯಲು ಜೆಸಿಬಿ ಕರೆಸುವವರು ಅದಕ್ಕೂ ಮೊದಲು ಕೆಳಗಿನವರ ಪಾಲುಪಟ್ಟಿ ನೋಡುವುದು ಒಳ್ಳೆಯದು. ಏತಡ್ಕದ ಕಡೆ ತೋಡಿಗೆ ಹಾಕುವ ಕಟ್ಟದ ನೀರಿನ ಸರತಿ, ಕಣಿ ಹಾದುಹೋಗುವ ದಾರಿ, ಇವೂ ಹೀಗೆಯೇ.

ನಾಗಬನ, ದೈವದ ಗುಡಿ ಇರುವ ತುಂಡನ್ನು ಹಲವು ಕುಟುಂಬಗಳು ಪಾಲು ಮಾಡದೆ ಎಲ್ಲರಿಗೂ ಸೇರಿದ್ದೆಂದು ಬಿಟ್ಟಿರುತ್ತವೆ, ಅಲ್ಲಿಗೆ ಹೋಗುವ ದಾರಿಯನ್ನೂ ಬರೆದಿರುತ್ತವೆ. ಸುತ್ತಲಿನ 20 ಸೆಂಟ್ಸ್ ನಿಮ್ಮದಾದರೂ ನಡುವಿನ ಆ ತುಂಡು ನಿಮ್ಮದಲ್ಲ. ಷೆಡ್ಯೂಲಿನಲ್ಲಿ ‘ಇದರಿಂದ ಹೊರತುಪಡಿಸಿ’ ಎಂಬ ಮಾತು ಇದೆಯಾ ಅಂತ ಹುಡುಕಿ.

ಅಪ್ಪ ಅಮ್ಮ ಬರೆದುಕೊಟ್ಟ ಆಧಾರ

ಮಕ್ಕಳಿಗೆ ಬರೆದುಕೊಡುವ ಆಧಾರದಲ್ಲಿ ಎರಡು ಷರತ್ತು ಸಾಮಾನ್ಯ. ‘ನಮ್ಮ ಜೀವಿತಕಾಲದವರೆಗೂ ಮನೆಯಲ್ಲಿ ವಾಸಿಸುವ, ಉತ್ಪತ್ತಿ ತೆಗೆಯುವ ಹಕ್ಕು ನಮ್ಮದು’ ಎಂಬುದು ಒಂದು. ಇದು ನಡೆಯುತ್ತದೆ, 2014ರಲ್ಲಿ ಸುಪ್ರೀಂ ಕೋರ್ಟು ಇಂಥ ದಾನಪತ್ರವನ್ನು ಒಪ್ಪಿದೆ. ಮಗ ಜಾಗ ಮಾರಿದರೂ ಕೊಂಡವರು ಅಮ್ಮನನ್ನು ಮನೆಯಿಂದ ಎಬ್ಬಿಸುವಂತಿಲ್ಲ.

ಇನ್ನೊಂದು, ‘ನಮ್ಮನ್ನು ನೋಡಿಕೊಳ್ಳಬೇಕು’. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ ಪ್ರಕಾರ, ಊಟ ಉಪಚಾರ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಜಾಗವನ್ನು, ನೋಡಿಕೊಳ್ಳದಿದ್ದರೆ ಟ್ರಿಬ್ಯೂನಲ್ ರದ್ದು ಮಾಡಬಹುದು. ಹಿರಿಯರಿಗೆ ಅನುಕೂಲವಾಗುವ ಹಾಗೆ ಈ ಕಾನೂನನ್ನು ಓದಬೇಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಷರತ್ತನ್ನು ಬಾಯಿಮಾತಿಗೆ ಬಿಡಬೇಡಿ. ಮಕ್ಕಳ ಮೇಲೆ ನಂಬಿಕೆ ಇಲ್ಲವಾ ಎಂದು ಯಾರಾದರೂ ಕೇಳಿದರೂ ಬರೆಸಿ. ಬರೆದರೆ ಇಬ್ಬರಿಗೂ ಒಳ್ಳೆಯದು.

ಆಧಾರದಲ್ಲಿ ಇಲ್ಲದ ಕಟ್ಟುಗಳು

ಆಧಾರ ಪೂರ್ತಿ ಶುದ್ಧವಾಗಿದ್ದರೂ ಜಾಗದ ಮೇಲೆ ಸರ್ಕಾರದ ಕಟ್ಟು ಇರಬಹುದು. ಇಲ್ಲಿ ‘ಪಟ್ಟೆ ಇದೆ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಹೋಗುತ್ತವೆ. ಗೇಣಿದಾರರಿಗೆ 1963ರ ಭೂಸುಧಾರಣೆ ಕಾಯಿದೆಯಡಿ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟೆ ಒಂದು. ಮೂಲಗೇಣಿ, ಚಾಲಗೇಣಿಯವರು ಯಜಮಾನರಾದದ್ದು ಹೀಗೆ. ಸರ್ಕಾರದ ಜಾಗವನ್ನೇ 1964ರ ನಿಯಮಗಳಡಿ ಮಂಜೂರು ಮಾಡಿ ಕೊಟ್ಟ ಪಟ್ಟೆ ಇನ್ನೊಂದು. ಈ ಎರಡನೆಯದರಲ್ಲಿ ಮನೆಗೆ, ಕೃಷಿಗೆ ಎಂಬ ಉದ್ದೇಶ ಇರುತ್ತದೆ, ಇಷ್ಟು ವರ್ಷ ಮಾರಬಾರದು ಎಂಬ ಷರತ್ತೂ ಇರುತ್ತದೆ. ಮಾರಬಾರದು ಎಂಬ ಮಾತು ಖಾಸಗಿ ಆಧಾರದಲ್ಲಿ ಬಿದ್ದುಹೋಗುತ್ತದೆ ಎಂದು ಮೇಲೆ ನೋಡಿದೆವಲ್ಲ, ಸರ್ಕಾರದ ಪಟ್ಟೆಯಲ್ಲಿ ಹಾಗಲ್ಲ. ಇದು ಪ್ರತ್ಯೇಕ ಕಾನೂನಿನಿಂದ ಬಂದ ಷರತ್ತು, ಮುರಿದರೆ ಪಟ್ಟೆಯೇ ರದ್ದಾಗಬಹುದು. ಇಂಥ ಜಾಗದಲ್ಲಿ ಉದ್ದೇಶ ಮೀರಿ ಕಟ್ಟಿದ ಕಟ್ಟಡಗಳನ್ನು ಸಕ್ರಮ ಮಾಡಲು ದಾರಿ ಮಾಡುವ ತಿದ್ದುಪಡಿಯನ್ನು ಕೇರಳ ವಿಧಾನಸಭೆ 2023ರಲ್ಲಿ ಪಾಸು ಮಾಡಿತು.

ಕುಮ್ಕಿಯದ್ದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಿಂದ ಬಂದ ವಿಷಯ. ವರ್ಗ ಜಾಗದ, ಅಂದರೆ ಸ್ವಂತ ಹಕ್ಕಿನ ಕೃಷಿ ಜಾಗದ, ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ, ದನ ಮೇಯಿಸುವ ಸವಲತ್ತು. ಅದು ಮಾಲಕತ್ವ ಅಲ್ಲ. ‘ವರ್ಗ 50 ಸೆಂಟ್ಸ್, ಕುಮ್ಕಿ ಒಂದು ಎಕ್ರೆ’ ಎಂದು ಬ್ರೋಕರ್ ಹೇಳಿದರೆ ನೀವು ಹಣ ಕೊಡಬೇಕಾದ್ದು 50 ಸೆಂಟ್ಸಿಗೆ. ಕುಮ್ಕಿಯಲ್ಲಿ ಮನೆ ಕಟ್ಟಲು ಅದು ನಿಮ್ಮ ಹೆಸರಿಗೆ ಮಂಜೂರಾಗಿರಬೇಕು.

ಗದ್ದೆಯದ್ದು ಇನ್ನೊಂದು. ಆಧಾರದಲ್ಲಿ ತೋಟ ಎಂದು ಬರೆದಿದ್ದರೂ ವಿಲೇಜ್ ಆಫೀಸಿನ ದಾಖಲೆಯಲ್ಲಿ ‘ನಿಲಂ’ ಅಥವಾ ‘ನಂಜ’ ಎಂದಿದ್ದರೆ 2008ರ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಡೇಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯಿದೆಯಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ತಪ್ಪಿ ಸೇರಿದ್ದರೆ ತೆಗೆಸಲು ಫಾರ್ಮ್ 5. ಅದರಲ್ಲಿ ಇಲ್ಲ, ಆದರೆ ದಾಖಲೆಯಲ್ಲಿ ನಿಲಂ ಎಂದಿದೆ ಎಂದಾದರೆ ಜಾಗದ ಬಗೆ ಬದಲಿಸಲು ಸಾಮಾನ್ಯವಾಗಿ ಫಾರ್ಮ್ 6. ಅದಾಗದೆ ಪಂಚಾಯತಿನಿಂದ ಪರ್ಮಿಟ್ ಸಿಗುವುದು ಕಷ್ಟ.

ಯಾರಿಗೆ ಮಾರಬಾರದು ಎಂಬ ಷರತ್ತು

ಅಮೆರಿಕದಲ್ಲಿ ಒಂದು ಕಾಲಕ್ಕೆ ಮನೆಯ ಪತ್ರಗಳಲ್ಲಿ ‘ಕರಿಯರಿಗೆ ಮಾರಬಾರದು’ ಎಂದೇ ಬರೆಯುತ್ತಿದ್ದರು. ಕೋರ್ಟುಗಳು ಅದನ್ನು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು, 1968ರ ಕಾನೂನು ಅದನ್ನು ಪೂರ್ತಿ ನಿಷೇಧಿಸಿತು. ಹಳೆ ಪತ್ರಗಳಲ್ಲಿ ಆ ಸಾಲುಗಳು ಈಗಲೂ ಇವೆ, ಆದರೆ ಬಲ ಇಲ್ಲ. ನಮ್ಮಲ್ಲಿ 2005ರಲ್ಲಿ ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಕೇಸು ಬಂತು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಸಹಕಾರಿ ಸೊಸೈಟಿಯ ಬೈಲಾ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅದು ಸೊಸೈಟಿಗೆ ಸೇರುವಾಗ ಒಪ್ಪಿದ ಬೈಲಾದ ವಿಷಯ. ಬಿಡಿ ಜಾಗದ ಕ್ರಯಪತ್ರಕ್ಕೆ ಬರುವಾಗ ನೋಡಬೇಕಾದ್ದು 10ನೇ ಸೆಕ್ಷನ್. ಮಂಗಳೂರಿನಲ್ಲೋ ಕಾಸರಗೋಡು ಪೇಟೆಯಲ್ಲೋ ಫ್ಲ್ಯಾಟು ಕೊಳ್ಳುವವರು ಬೈಲಾ ಕೇಳಿ ಓದಬೇಕಾದ್ದು ಇದೇ ಕಾರಣಕ್ಕೆ.

ಇಸಿ ನೋಡಿದರೆ ಸಾಕಾ?

ಸಾಕಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಸಿಗುವ ಇಸಿ, ಅಂದರೆ ಬಾಧ್ಯತಾ ಸರ್ಟಿಫಿಕೇಟು, ಇಷ್ಟು ವರ್ಷದಲ್ಲಿ ಈ ಸರ್ವೆ ನಂಬ್ರದ ಮೇಲೆ ಯಾವ ಯಾವ ಪತ್ರ ರಿಜಿಸ್ಟರ್ ಆಗಿದೆ ಎಂಬ ಪಟ್ಟಿ. ‘ಇಂಥ ವರ್ಷ, ಇಂಥ ನಂಬ್ರದ ಪಾಲುಪಟ್ಟಿ’ ಎಂದಷ್ಟೇ ಇರುತ್ತದೆ. ಆ ಪಾಲುಪಟ್ಟಿಯ ಒಳಗೆ ದಾರಿಯ ಷರತ್ತು ಇದೆಯಾ ಎಂಬುದನ್ನು ಇಸಿ ಹೇಳುವುದಿಲ್ಲ. 20 ವರ್ಷ ನಡೆದು ಬಂದ ದಾರಿಯೂ ಅದರಲ್ಲಿ ಇರುವುದಿಲ್ಲ. ಬ್ಯಾಂಕಿನಲ್ಲಿ ಮೂಲ ಆಧಾರ ಇಟ್ಟು ತೆಗೆದ ಸಾಲವೂ ಕಾಣದೆ ಹೋಗಬಹುದು, ಆದ್ದರಿಂದ ಜೆರಾಕ್ಸ್ ತೋರಿಸಿದರೆ ಒಪ್ಪದೆ ಮೂಲ ಪತ್ರವನ್ನೇ ಕೇಳಬೇಕು.

ಇಸಿಯಲ್ಲಿ ಬಂದ ಪ್ರತಿಯೊಂದು ಪತ್ರದ ನಕಲು ತೆಗೆಸಿ ಓದಬೇಕು. ಜಾಗಕ್ಕೆ ಸಂಬಂಧಿಸಿದ ಪತ್ರಗಳ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು ಎಂದು 1908ರ ರಿಜಿಸ್ಟ್ರೇಶನ್ ಕಾಯಿದೆಯ 57ನೇ ಸೆಕ್ಷನ್ ಹೇಳುತ್ತದೆ. ಪಕ್ಕದ ಜಾಗವೂ ಒಂದೇ ಮೂಲದಿಂದ ತುಂಡಾಗಿದ್ದರೆ ಆ ಪತ್ರದ ನಕಲೂ ಬೇಕು. ಎಷ್ಟೋ ಸಲ ನಿಮ್ಮ ಜಾಗದ ಮೇಲಿನ ಕಟ್ಟು ಪಕ್ಕದವರ ಆಧಾರದಲ್ಲಿ ಸ್ಪಷ್ಟವಾಗಿರುತ್ತದೆ. ಹಳೆಯವು ಕನ್ನಡ ಕೈಬರಹದಲ್ಲಿ, ಈಚಿನವು ಮಲಯಾಳದಲ್ಲಿ. ಓದಲು ಬಾರದಿದ್ದರೆ ಸಾಲು ಸಾಲಾಗಿ ಓದಿ ಅರ್ಥ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ, ನಾಚಿಕೆ ಬೇಡ. ಆಮೇಲೆ ಜಾಗಕ್ಕೆ ಹೋಗಿ ಸುತ್ತ ನಡೆಯಿರಿ. ಸವೆದ ಕಾಲ್ದಾರಿ, ಹಳೆ ಕಣಿ, ಬೇಲಿಯ ನಡುವೆ ಬಿಟ್ಟ ತಡಮೆ ಕಂಡರೆ ಯಾರು ಹೋಗುತ್ತಾರೆ, ಎಷ್ಟು ಕಾಲದಿಂದ ಅಂತ ನೆರೆಯವರನ್ನು ಕೇಳಿ.

ರಿಜಿಸ್ಟರ್ ಆಯಿತು ಎಂದರೆ ಎಲ್ಲ ಸರಿ ಇದೆ ಎಂದು ಅರ್ಥವಲ್ಲ. ಮಾರುವವರಿಗೆ ನಿಜವಾಗಿ ಹಕ್ಕಿದೆಯಾ ಎಂದು ತೀರ್ಮಾನಿಸುವುದು ಸಬ್ ರಿಜಿಸ್ಟ್ರಾರರ ಕೆಲಸ ಅಲ್ಲ ಎಂದು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾಗಿ ತಂಡಪ್ಪೇರ್, ಅಂದರೆ ತೆರಿಗೆ ಖಾತೆಯ, ನಂಬ್ರ ಸಿಕ್ಕಿ ತೆರಿಗೆ ಕಟ್ಟಿದರೂ ಅದು ತೆರಿಗೆಯ ಲೆಕ್ಕ. ಷರತ್ತು ಅಲ್ಲಿಗೆ ಅಳಿಯುವುದಿಲ್ಲ. ರೀಸರ್ವೆಯ ನಕ್ಷೆಯೂ ಗಡಿ ತೋರಿಸುತ್ತದೆ, ಆಧಾರದ ಷರತ್ತನ್ನು ತೆಗೆದುಹಾಕುವುದಿಲ್ಲ.

ಷರತ್ತು ಬಿಡಿಸಿಕೊಳ್ಳಬಹುದಾ?

ಬಿಡಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಹಳೆ ಷರತ್ತು ತೆಗೆಸಲು ಅರ್ಜಿ ಹಾಕುವ ಟ್ರಿಬ್ಯೂನಲ್ ಇದೆ, ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಸುಲಭದ ದಾರಿ ಅಂದರೆ ಷರತ್ತಿನಿಂದ ಉಪಕಾರ ಪಡೆಯುವ ಜಾಗದವರ ಜೊತೆ ಮಾತಾಡಿ, ಅವರಿಂದ ಹಕ್ಕು ಬಿಡುಗಡೆ ಪತ್ರ, ನಮ್ಮ ಕಡೆ ಒಳಿಮುರಿ ಎನ್ನುವುದು, ಬರೆಸಿ ರಿಜಿಸ್ಟರ್ ಮಾಡಿಸುವುದು. ಆ ಜಾಗಕ್ಕೆ ನಾಲ್ಕು ಜನ ಹಕ್ಕುದಾರರಿದ್ದರೆ ನಾಲ್ವರ ಸಹಿಯೂ ಬೇಕು. ಗಲ್ಫಿನಲ್ಲಿರುವ ಒಬ್ಬರ ಸಹಿ ಆಮೇಲೆ ಹಾಕಿಸುವ ಅಂತ ಬಿಟ್ಟರೆ ಅವರ ಮಟ್ಟಿಗೆ ಷರತ್ತು ಹಾಗೇ ಉಳಿಯುತ್ತದೆ. ಪಡು ಬದಿಯ ದಾರಿ ಮೂಡು ಬದಿಗೆ ಬದಲಿಸುವುದಾದರೂ ಬಾಯಿಮಾತು ಸಾಲದು. ಹೊಸ ದಾರಿಯನ್ನು ಸ್ಕೆಚ್ ಸಹಿತ ಬರೆದುಕೊಟ್ಟು, ಹಳೆಯದನ್ನು ಬಿಟ್ಟುಕೊಟ್ಟದ್ದು ಅದೇ ಪತ್ರದಲ್ಲಿ ಬರಬೇಕು.

ಮಾತುಕತೆಯಲ್ಲಿ ಆಗದಿದ್ದರೆ ಮುನ್ಸಿಫ್ ಕೋರ್ಟು. ಷರತ್ತು ಮೀರಿ ಯಾರಾದರೂ ಕಟ್ಟಲು ಶುರು ಮಾಡಿದರೆ ತಡೆಯಾಜ್ಞೆ ಕೇಳಬಹುದು, ಕಟ್ಟಿದ್ದನ್ನು ತೆಗೆಸಲು ಆದೇಶವನ್ನೂ ಕೇಳಬಹುದು. ಪಂಚಾಂಗ, ಅಂದರೆ ಅಡಿಪಾಯ, ಹಾಕುವಾಗಲೇ ಹೇಳದೆ, ಮನೆ ಒಕ್ಕಲಾದ ಮೇಲೆ ಹೋದರೆ ‘ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಕೀಲರಿಗೆ ಹಣ ಕೊಡುವುದು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ದಾರಿ, ಬೇಲಿ, ನೀರಿನಂಥ ತಕರಾರನ್ನು ಕೇಸು ಹಾಕುವ ಮೊದಲೇ ಅವರ ಅದಾಲತ್ತಿಗೆ ಒಯ್ಯಬಹುದು. ಅಲ್ಲಿ ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ.